ಅರ್ಧ ರೇಟಿನ ಸ್ವಿಟ್ಜರ್ಲೆಂಡ್

ಸೀಸನ್ ಮುಗಿದ ಮೇಲೆ ಯೂರೋಪಿಗೆ ಹೋದರೆ ಖರ್ಚು ಅರ್ಧ ಎಂದು ನಮ್ಮಾಕೆ ಎಲ್ಲೋ ಓದಿದಳು. ಆ ಅರ್ಧವೂ ನನ್ನ ಉಳಿತಾಯವನ್ನು ನುಂಗಿ ನೀರು ಕುಡಿಯುವಂತಿತ್ತು. ಹಾಗಾಗಿ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆವು. ಶಕ್ತಿ ಯೋಜನೆಯ ಕೃಪೆಯಿಂದ ಆಕೆಗೆ ಶೂನ್ಯ ಟಿಕೆಟ್. ಆಧಾರ್ ಕಾರ್ಡ್ ಹಿಡಿದು ಕಿಟಕಿ ಪಕ್ಕ ಕೂತವಳು, ದುಡ್ಡು ಕೊಟ್ಟು ನಿಂತಿದ್ದ ನನ್ನನ್ನು ದುಂದುಗಾರನನ್ನು ನೋಡಿದಂತೆ ನೋಡಿದಳು.

ಮಳೆಗಾಲದಲ್ಲಿ ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಕೇರಳದ ಕಾರುಗಳು ಸಾಲುಗಟ್ಟುತ್ತವೆ. ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುವವರ ಹತ್ತಿರ ರೈತರು ಕಾಸು ಕೇಳುವುದೂ ಉಂಟು. ಕೇಳಲಿ ಬಿಡಿ, ತುಳಿಸಿಕೊಳ್ಳುವುದು ಅವರ ಬೆಳೆ ತಾನೆ! ನಾವು ಹೋದಾಗ ಬರೀ ಒಣಕಡ್ಡಿ. "ಯಜಮಾನ್ರೇ, ಫೋಟೊಗೆ ಎಷ್ಟು?" ಎಂದೆ. ಆತ ನನ್ನನ್ನೂ ಕಡ್ಡಿಯನ್ನೂ ಒಮ್ಮೆ ನೋಡಿ, "ಬುಡಿ ಸಾ, ನಿಮ್ಗೆ ಫ್ರೀ. ಹಂಗೇ ಒಂದೆರಡು ಕಡ್ಡಿ ಕಿತ್ತಾಕ್ಬುಡಿ" ಎಂದ.

ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಬುಡದಿಂದ ಸರ್ಕಾರಿ ಬಸ್ಸೇ ಗತಿ. ಸುಮಾರು 1,450 ಮೀಟರ್ ಎತ್ತರದಲ್ಲಿ ಗಾಳಿ ಬೀಸಿದ್ದೇ ತಡ, ನಮ್ಮಾಕೆ ನನ್ನ ಶಾಲು ಕಿತ್ತುಕೊಂಡಳು. "ಸ್ವಿಟ್ಜರ್ಲೆಂಡಲ್ಲಿ ಇದಕ್ಕಿಂತ ಚಳಿ ಕಣೇ" ಎಂದೆ, ಹಲ್ಲು ಕಟಕಟಿಸುತ್ತ.

"ಅಲ್ಲಿಗಾದ್ರೆ ಎರಡು ಶಾಲು ತರ್ತಿದ್ದೆ" ಎಂದಳು.