ಬಸುರಿಗೆ ಗಡುವು, ಚಿಮಣಿಗೆ ವಿನಾಯಿತಿ

"ಮೀನು ಒಳ್ಳೆಯದಮ್ಮ, ಧಾರಾಳ ತಿನ್ನಿ. ಆದರೆ ಸ್ವಲ್ಪ ನೋಡಿಕೊಂಡು ತಿನ್ನಿ." ಬಸುರಿಯರಿಗೆ ಸಿಗುವ ಸಲಹೆಗಳಲ್ಲಿ ಇಷ್ಟು ಜಾಣತನದ್ದು ಇನ್ನೊಂದಿಲ್ಲ. ಮಗು ಚುರುಕಾದರೆ "ತಿನ್ನಿ ಎಂದಿದ್ದೆನಲ್ಲ", ಏನಾದರೂ ಹೆಚ್ಚುಕಮ್ಮಿಯಾದರೆ "ನೋಡಿಕೊಂಡು ಎಂದಿದ್ದೆನಲ್ಲ". ನೋಡುವುದು ಏನನ್ನು ಎಂಬುದೊಂದು ಬಾಕಿ ಉಳಿಯುತ್ತದೆ. ಕರಾವಳಿಯ ಹೆಂಗಸಿಗೆ ಮೀನು ನೋಡಲು ಯಾರೂ ಕಲಿಸಬೇಕಾಗಿಲ್ಲ. ಕಿವಿರೆತ್ತಿ ಕೆಂಪಿದೆಯೇ, ಕಣ್ಣು ಒಳಗೆ ಹೋಗಿದೆಯೇ ಎಂದು ನೋಡಿ, ಮಾರುವ ಅಕ್ಕನ ಜೊತೆ ಹೊತ್ತು ಹೋಗುವಷ್ಟು ಜಗಳವಾಡಿ, ಕೊನೆಗೆ ಎರಡು ಬಂಗುಡೆ ಹೆಚ್ಚು ಹಾಕಿಸಿಕೊಂಡೇ ಹೊರಡುವವಳು ಅವಳು. ಪಾದರಸ ಮಾತ್ರ ಈ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಮೀನಿನೊಳಗಿನ ಪಾದರಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ತೊಳೆದರೆ ಹೋಗದು, ಕುದಿಸಿದರೆ ಹಾರದು. ಪುಳಿಮುಂಚಿಯ ಹುಣಸೆಹುಳಿಗೂ ಬಗ್ಗದು.

ಅಷ್ಟಕ್ಕೂ ಮೀನು ಪಾದರಸವನ್ನು ಬೇಕೆಂದು ತಿಂದದ್ದಲ್ಲ. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಚೆಲ್ಲುತ್ತಿರುವುದು ಚಿಕ್ಕಪುಟ್ಟ ಚಿನ್ನದ ಗಣಿಗಳು; ಆಮೇಲಿನ ಸ್ಥಾನ ಕಲ್ಲಿದ್ದಲಿನದು. ಚಿನ್ನ ಕೊರಳಿಗೆ, ಕರೆಂಟು ಮನೆಗೆ, ಉಳಿದದ್ದು ಕಡಲಿಗೆ. ಹೊಗೆ ಸಿಂಗ್ರೌಲಿಯದ್ದಿರಲಿ, ರಾಯಚೂರಿನದ್ದಿರಲಿ, ಚೀನಾದ್ದಿರಲಿ, ಗಾಳಿಯಲ್ಲಿ ದೇಶ ಸುತ್ತಿ ಮಳೆಯಲ್ಲಿ ಇಳಿಯುತ್ತದೆ. ನೀರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಅದನ್ನು ಹೀರಿದ ಪಾಚಿಯನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು ತಿನ್ನುತ್ತಾ ಹೋದಂತೆ ಪ್ರಮಾಣ ಏರುತ್ತದೆ. ಕಡಲಿನಲ್ಲೂ ಯಾರು ಹೆಚ್ಚು ಜನರನ್ನು ನುಂಗಿದ್ದಾರೋ ಅವರೇ ದೊಡ್ಡವರು. ಅಲ್ಲಿ ನುಂಗಿದ್ದು ಮೈಯಲ್ಲಿ ಉಳಿಯುತ್ತದೆ, ಅಳೆದರೆ ಸಿಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಅಳೆದವರು ಅಮೆರಿಕದವರು. ಅವರ ಆಹಾರ ಇಲಾಖೆಯ ಪಟ್ಟಿಯಲ್ಲಿ ಸಾರ್ಡೀನಿನ, ಅಂದರೆ ನಮ್ಮ ಬೂತಾಯಿಯ ಜಾತಿಯ ಮೀನಿನ, ಪಾದರಸ ಸರಾಸರಿ 0.013 ಪಿಪಿಎಂ, ಕಿಂಗ್ ಮ್ಯಾಕೆರೆಲ್‌ನದು 0.73, ಶಾರ್ಕಿನದು ಒಂದರ ಹತ್ತಿರ. ಈ ಕಿಂಗ್ ಮ್ಯಾಕೆರೆಲ್ ನಮ್ಮ ಅಂಜಲಿನ ದಾಯಾದಿ, ಒಂದೇ ಕುಲ. ಅಂಜಲಿನ ಲೆಕ್ಕವೂ ಅಷ್ಟೇ ಎಂದು ನಾನು ಹೇಳುತ್ತಿಲ್ಲ. ಆದರೆ ಗಾತ್ರವೂ ಹಸಿವೂ ಆ ಮನೆತನದ್ದೇ. ಈಗ ನಮ್ಮ ಮರ್ಯಾದೆಯ ಪಟ್ಟಿ ನೋಡಿ. ನೆಂಟರು ಬಂದರೆ ಅಂಜಲಿನ ತವಾ ಫ್ರೈ. ಬೂತಾಯಿ ತಂದದ್ದು ಪಕ್ಕದ ಮನೆಯವರಿಗೆ ಗೊತ್ತಾದರೆ ಸಂಕೋಚ. ಮೆದುಳಿಗೆ ಬೇಕೆನ್ನುವ ಒಮೆಗಾ-3 ಬೂತಾಯಿಯಲ್ಲಿ ತುಂಬಿದೆ, ಪಾದರಸ ಹೆಸರಿಗಷ್ಟೇ ಇದೆ. ಮುಳ್ಳು ಸಹಿತ ಜಗಿದರೆ ಸುಣ್ಣದಂಶವೂ ಸಿಕ್ಕೀತು. ದೇವರು ಬಡವರ ಕಡೆಗಿದ್ದಾನೆ ಎನ್ನುವುದಕ್ಕೆ ಇಷ್ಟು ಗಟ್ಟಿ ಪುರಾವೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇದನ್ನು ಸರಿಪಡಿಸಲು ನಾವು ಕೈಲಾದ್ದು ಮಾಡುತ್ತಿದ್ದೇವೆ. ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಲ್ಲಿ ಬೂತಾಯಿಯನ್ನು ಲೋಡುಗಟ್ಟಲೆ ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಪುಡಿ ಬೇರೆ ಮಾಡುತ್ತೇವೆ. ಪುಡಿ ಸಿಗಡಿಗಳ ಊಟಕ್ಕೆ, ಸಿಗಡಿ ಪರದೇಶಕ್ಕೆ, ವಾಸನೆ ಅಕ್ಕಪಕ್ಕದವರಿಗೆ. ಒಮೆಗಾ-3 ಬೇಕಾದವರು ಮೆಡಿಕಲ್ ಶಾಪಿನಲ್ಲಿ ಹಳದಿ ಗುಳಿಗೆ ನುಂಗಬಹುದು. ಇನ್ನೂ ಅನುಕೂಲಸ್ಥರಿಗೆ ಬೆಂಗಳೂರಿನ ಡಯೆಟಿಷಿಯನ್ನರು ನಾರ್ವೆಯಿಂದ ವಿಮಾನದಲ್ಲಿ ಬಂದ ಸಾಲ್ಮನ್ ಬರೆದುಕೊಡುತ್ತಾರೆ. ಮಲ್ಪೆಯಿಂದ ಬಸ್ಸಿನಲ್ಲಿ ಬಂದದ್ದಕ್ಕೆ ಅಂಥ ಔಷಧೀಯ ಗುಣ ಇರಲು ಹೇಗೆ ಸಾಧ್ಯ?

ಬಸುರಿಯ ವಿಚಾರಕ್ಕೆ ಬರೋಣ. 2004ರಲ್ಲಿ ಅಮೆರಿಕ ಸರ್ಕಾರ ಅವಳಿಗೆ ಹೇಳಿತು: ಶಾರ್ಕಿನಂಥವು ಬೇಡ, ಉಳಿದದ್ದು ವಾರಕ್ಕೆ ಸುಮಾರು 340 ಗ್ರಾಂ ದಾಟದಿರಲಿ. ಕೆಲವು ತಾಯಂದಿರು ಪಾಪ, ಮೀನಿನ ಗೊಡವೆಯೇ ಬೇಡವೆಂದರು. 2007ರಲ್ಲಿ ಲ್ಯಾನ್ಸೆಟ್‌ನಲ್ಲಿ ಬ್ರಿಸ್ಟಲ್ ಕಡೆಯ ಸಾವಿರಾರು ತಾಯಿ-ಮಕ್ಕಳ ಅಧ್ಯಯನ ಬಂತು. 340 ಗ್ರಾಂಗಿಂತ ಕಡಿಮೆ ತಿಂದವರ ಮಕ್ಕಳೇ ಮಾತು-ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಮೆದುಳು ಉಳಿಸಲು ಕೊಟ್ಟ ಸಲಹೆಯಿಂದಲೇ ಮೆದುಳಿನ ಊಟ ತಪ್ಪುವ ಲಕ್ಷಣ ಕಂಡಿತು. ಮುಂದೆ ಅದೇ ಸರ್ಕಾರ ಮಾತು ತಿರುಗಿಸಿ, ವಾರಕ್ಕೆ 225 ಗ್ರಾಂ ಆದರೂ ತಿನ್ನಿ ಎಂದು ಕೆಳಮಿತಿ ಹಾಕಿತು. 2010ರಲ್ಲಿ ರೋಮಿನಲ್ಲಿ ಸೇರಿದ ವಿಶ್ವಸಂಸ್ಥೆಯ ತಜ್ಞರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ: ಸಾಮಾನ್ಯವಾಗಿ ಲಾಭ ದೊಡ್ಡದು, ಮೀನು ಬಿಡುವುದರಲ್ಲೂ ಅಪಾಯವಿದೆ. ನಮ್ಮ ಪಶ್ಚಿಮ ಕರಾವಳಿಯ ಹಲವೆಡೆ ಬಾಣಂತಿಗೆ ಹಾಲು ಹೆಚ್ಚಲೆಂದು ಎಳೆ ಶಾರ್ಕ್ ಮಾಡಿಕೊಡುವ ಅಜ್ಜಿಯರು ಈ ಯಾವ ಸಭೆಗೂ ಹೋದವರಲ್ಲ. ಅವರಿಗೂ ಅಮೆರಿಕಕ್ಕೂ ಒಮ್ಮೆ ಮುಖಾಮುಖಿ ಆಗಬೇಕಿತ್ತು; ಎಳೆಯದನ್ನು ಆರಿಸುವ ಅಜ್ಜಿಗೆ ಅರ್ಧ ಅಂಕವಾದರೂ ಸಿಗುತ್ತಿತ್ತು.

ಹಾಗಂತ ನಮ್ಮ ಸರ್ಕಾರಗಳು ಕೈಕಟ್ಟಿ ಕೂತಿವೆ ಎನ್ನುವಂತಿಲ್ಲ. 2018ರ ಮಳೆಗಾಲದಲ್ಲಿ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆಂಬ ಸುದ್ದಿ ಎದ್ದಾಗ ಕೇರಳ 'ಸಾಗರ ರಾಣಿ' ಕಾರ್ಯಾಚರಣೆ ನಡೆಸಿ ಟನ್‌ಗಟ್ಟಲೆ ಹಿಡಿಯಿತು, ಗೋವಾ ಹೊರಗಿನ ಮೀನನ್ನೇ ಕೆಲಕಾಲ ತಡೆಯಿತು. ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಫಾರ್ಮಾಲಿನ್ ಪತ್ತೆಹಚ್ಚುವ ಕಾಗದದ ಪಟ್ಟಿ ಕೈಯಲ್ಲಿ ಹಿಡಿದು ಅಧಿಕಾರಿಗಳು ಮಾರ್ಕೆಟ್ಟಿಗೆ ನುಗ್ಗಿದರು, ಟಿವಿಯವರು ಅವರ ಹಿಂದೆ ನುಗ್ಗಿದರು. ಮಾಡಬೇಕಾದ ಕೆಲಸವೇ, ತಕರಾರಿಲ್ಲ. ಫಾರ್ಮಾಲಿನ್ ಹಿಡಿಯಲು ಎದುರಿಗೆ ಒಂದು ಲಾರಿ ಇದೆ, ಒಂದು ಬುಟ್ಟಿ ಇದೆ, ಬುಟ್ಟಿಯ ಹಿಂದೆ ಗದರಿಸಬಹುದಾದ ಒಬ್ಬಳು ಹೆಂಗಸಿದ್ದಾಳೆ. ಪಾದರಸದ ಹಿಂದೆ ಇರುವುದು ಇನ್ನೂರು ಮೀಟರ್ ಎತ್ತರದ ಚಿಮಣಿ. ಅಷ್ಟು ಮೇಲಕ್ಕೆ ನೋಡಿದರೆ ಅಧಿಕಾರಿಯ ಟೋಪಿ ಬೀಳುತ್ತದೆ.

ಜಪಾನಿನ ಮಿನಮಾಟದಲ್ಲಿ ಹೀಗೇ ಆಯಿತು. ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆ 1932ರಿಂದ ಕೊಲ್ಲಿಗೆ ಪಾದರಸ ಬಿಡುತ್ತಿತ್ತು. ಅಲ್ಲಿನ ಮೀನು ತಿಂದ ಬೆಕ್ಕುಗಳು ಹುಚ್ಚು ಕುಣಿತ ಕುಣಿದು ಸತ್ತವು. 1956ರ ಮೇ 1ರಂದು ಮನುಷ್ಯರಲ್ಲೂ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಸುಮಾರಾಗಿ ಆರೋಗ್ಯವಾಗಿದ್ದ ತಾಯಂದಿರಿಗೆ ಕೈಕಾಲು ಸೊಟ್ಟಗಾದ ಮಕ್ಕಳು ಹುಟ್ಟಿದರು. ಅಮ್ಮನ ಪಾಲಿನ ವಿಷವನ್ನು ಹೊಟ್ಟೆಯೊಳಗಿನ ಮಗು ಹೀರಿಕೊಂಡಿತ್ತು. 1959ರ ಡಿಸೆಂಬರಿನಲ್ಲಿ ಕಂಪನಿ ನೀರು ಶುದ್ಧಿಯ ಯಂತ್ರವೊಂದನ್ನು ಸಮಾರಂಭ ಮಾಡಿ ಉದ್ಘಾಟಿಸಿತು. ಅಧ್ಯಕ್ಷರು ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದರು. ಪಾದರಸದ ಕೊಳಚೆ ಆಗ ಆ ಯಂತ್ರದೊಳಗೆ ಹಾಯುತ್ತಲೇ ಇರಲಿಲ್ಲ. ಅದೇ ತಿಂಗಳು ರೋಗಿಗಳಿಗೆ 'ಸಹಾನುಭೂತಿ ಹಣ' ಕೊಟ್ಟು, ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಬರೆಸಿಕೊಂಡರು. ಕಾರಣ ಕಾರ್ಖಾನೆಯೇ ಎಂದು ಸರ್ಕಾರ ಒಪ್ಪಿದ್ದು 1968ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ಪಾದರಸದ ಆ ವಿಧಾನ ಹಳತಾಗಿ, ಕಂಪನಿ ತಾನಾಗಿಯೇ ಅದನ್ನು ಕೈಬಿಟ್ಟು ನಾಲ್ಕು ತಿಂಗಳಾಗಿತ್ತು.

ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಅದಕ್ಕೂ ಮೊದಲೇ, 2015ರ ಡಿಸೆಂಬರಿನಲ್ಲಿ, ಕೇಂದ್ರ ಪರಿಸರ ಸಚಿವಾಲಯ ಕಲ್ಲಿದ್ದಲು ಸ್ಥಾವರಗಳ ಹೊಗೆಗೆ ಗಂಧಕ, ಪಾದರಸಗಳ ಮಿತಿ ಗೊತ್ತುಮಾಡಿ ಎರಡು ವರ್ಷದ ಗಡುವು ಕೊಟ್ಟಿತ್ತು. ಗಂಧಕ ತೊಳೆಯುವ ಯಂತ್ರ ಹೊಗೆಯಲ್ಲಿನ ಪಾದರಸದ ಒಂದು ಪಾಲನ್ನೂ ಹಿಡಿಯುತ್ತದೆ. ಅದನ್ನು ಕೂರಿಸುವ ಗಡುವು 2017 ಇದ್ದದ್ದು 2022 ಆಯಿತು, ಇನ್ನೂ ಮುಂದೆ ಹೋಯಿತು, ಕೊನೆಗೆ 2025ರ ಜುಲೈಯಲ್ಲಿ ದೇಶದ ಹೆಚ್ಚಿನ ಸ್ಥಾವರಗಳಿಗೆ ಯಂತ್ರವೇ ಬೇಡ ಎಂದಾಯಿತು. ಬಸುರಿಗೆ ಮಾತ್ರ ಈಗಲೂ ಒಂಬತ್ತೇ ತಿಂಗಳು. ಅರ್ಜಿ ಹಾಕಿದರೂ ವಿಸ್ತರಣೆ ಸಿಗುವುದಿಲ್ಲ.

ಆದ್ದರಿಂದ ನನ್ನದೊಂದು ಸಣ್ಣ ಮನವಿ. ಚಿಮಣಿಗಳಿಗೆ ಮುಂದಿನ ವಿನಾಯಿತಿ ಕೊಡಲು ದೆಹಲಿಯಲ್ಲಿ ಸಭೆ ಸೇರಿದ ದಿನ, ಮಧ್ಯಾಹ್ನದ ಊಟಕ್ಕೆ ಚೆನ್ನಾಗಿ ಬಲಿತ ಶಾರ್ಕಿನ ಗಸಿ ಬಡಿಸಬೇಕು. ಸಹಿ ಹಾಕುವವರಿಗೆ ಎರಡು ತುಂಡು ಹೆಚ್ಚು. ಖರ್ಚು ನಮ್ಮದು, ಬೂತಾಯಿ ತಿಂದು ಉಳಿಸಿದ ದುಡ್ಡಿದೆ.