ಮೊಣಕಾಲ ಕಾಕಾ

ಬನಹಟ್ಟಿಯ ಯಾವ ಓಣಿಗೆ ಹೋದರೂ ಒಬ್ಬ ಮೊಣಕಾಲ ಕಾಕಾ ಸಿಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿಯ ಕಟ್ಟೆಗಳೂ ಖಾಲಿ ಇಲ್ಲ. ಧೋತರ, ಬಿಳಿ ಟೊಪಿಗೆ, ಕೈಯಲ್ಲೊಂದು ಬಡಿಗೆ, ಮೈಗೆಲ್ಲ ಔಡಲೆಣ್ಣೆಯ ಘಾಟು. ಗುಡಿಯ ಕಟ್ಟೆಯ ಮೇಲೆ ಬಲಗಾಲು ಚಾಚಿ ಕುಳಿತರೆಂದರೆ ಆ ಕಾಲನ್ನು ಯಾರೂ ದಾಟಬಾರದು, ಯಾರೂ ಮುಟ್ಟಬಾರದು. ಬುದ್ಧಿವಂತರು ಅದರ ಸುದ್ದಿಯನ್ನೂ ಕೇಳುವುದಿಲ್ಲ. ಪರವೂರಿನವರು ಮಾತ್ರ ಗೊತ್ತಿಲ್ಲದೆ, "ಕಾಕಾ, ಆರಾಮ ಅದೀರಿಲ್ರೀ?" ಎಂದುಬಿಡುತ್ತಾರೆ.

"ಆರಾಮ ಎಲ್ಲಿದಪಾ ತಮ್ಮಾ? ಬಾ, ಕುಂದ್ರು."

ಅಲ್ಲಿಗೆ ಅವರ ಬಸ್ಸು ತಪ್ಪಿತು.

ಮೊಣಕಾಲು ಒಂದೇ ಆದರೂ ಅದು ಹಾಳಾದ ಕತೆ ಕೇಳುವವರ ಮೇಲೆ ಬದಲಾಗುತ್ತದೆ. ಎದುರಿಗೆ ನೇಕಾರರಿದ್ದರೆ ಕಾರಣ ಕುಣಿಮಗ್ಗ: ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿದು ತುಳಿದು ಕೀಲು ಸವೆಯಿತು; ಪಾವರ್‌ಲೂಮು ಇನ್ನಷ್ಟು ಲಗೂ ಬಂದಿದ್ದರೆ ಈ ಕಾಲು ಉಳಿಯುತ್ತಿತ್ತು. ರೈತರಿದ್ದರೆ ಚಿಕ್ಕಪಡಸಲಗಿ ಬ್ಯಾರೇಜು. ಸರ್ಕಾರದ ದಾರಿ ಕಾಯದೆ ರೈತರೇ ರೊಕ್ಕ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜದು. ಅದರ ಅರ್ಧ ಕಲ್ಲು ಹೊತ್ತದ್ದು ಈ ಬಲಗಾಲು, ಉಳಿದರ್ಧ ಮಿಕ್ಕ ಸಾವಿರಾರು ಜನ. ಬೀಳಗಿಯ ಬೀಗರು ಬಂದರೆ ಆಲಮಟ್ಟಿಯ ಹಿನ್ನೀರು. ಮುಳುಗಡೆ ಊರಿನ ನೆಂಟರ ಸಾಮಾನು ಹೊತ್ತು ಕಾಲು ಹೋಯಿತು. ಮುಧೋಳದವರ ಮುಂದೆ ಕತೆಗೆ ಇನ್ನೂ ವೇಗ. 2005ರಲ್ಲಿ ಅಂಚೆಚೀಟಿಯ ಮೇಲೆ ಏರಿದ ಮುಧೋಳ ನಾಯಿಯ ಜೊತೆ ಹರೆಯದಲ್ಲಿ ಪಂದ್ಯ ಕಟ್ಟಿ ಓಡಿದ್ದರಂತೆ. ಗೆದ್ದವರು ಯಾರು ಎಂದು ಕೇಳಿದರೆ, "ನಾಯಿಗೆ ಇವತ್ತ ಮೊಣಕಾಲು ಬ್ಯಾನಿ ಇಲ್ಲ ನೋಡು, ಅದರ ಮ್ಯಾಲ ತಿಳಕೋ" ಎನ್ನುತ್ತಾರೆ.

ಮುಧೋಳದ ಮೇಲೆ ಅವರಿಗೆ ಇನ್ನೊಂದು ಸಿಟ್ಟಿದೆ. ಹತ್ತನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ರನ್ನ ಗದಾಯುದ್ಧ ಬರೆದ. "ದುರ್ಯೋಧನನ ತೊಡಿ ಮುರದದ್ದಕ್ಕ ಅಷ್ಟು ದೊಡ್ಡ ಕಾವ್ಯ! ತೊಡಿ ಕೆಳಗ ಒಂದು ಗೇಣು ಇಳದಿದ್ರ ಮೊಣಕಾಲು ಸಿಕ್ತಿತ್ತು. ಕವಿಗೆ ಅಷ್ಟೂ ಪುರಸೊತ್ತ ಇರಲಿಲ್ಲ."

ಕಾಲಿಗೆ ಹವಾಮಾನ ಇಲಾಖೆಯ ಕೆಲಸವೂ ಇದೆ. ಮೋಡ ಕಟ್ಟುವ ಮೊದಲೇ ಕೀಲು ಹಿಡಿಯುತ್ತದೆ, ಕಾಕಾ ಮಳೆ ಸಾರುತ್ತಾರೆ. ಮಳೆಗೂ ಕೀಲಿಗೂ ನಂಟಿದೆಯೋ ಇಲ್ಲವೋ ಎಂದು ವೈದ್ಯಲೋಕದಲ್ಲಿ ಇನ್ನೂ ವಾದ ನಡೆದಿದೆ. ಕಟ್ಟೆಯ ಮೇಲೆ ನಡೆದಿಲ್ಲ. ಮಳೆ ಬಂದರೆ ಕಾಲು ಗೆದ್ದಿತು. ಬರದಿದ್ದರೆ, "ಮಹಾರಾಷ್ಟ್ರದಾಗ ಬಿದ್ದೈತಿ, ನದಿಗೆ ನೀರು ಬರ್ತೈತಿ ನೋಡ್ಕೋ." ಕೃಷ್ಣೆ, ಘಟಪ್ರಭೆ ಎರಡೂ ಮೇಲಿನ ಮಳೆಗೇ ತುಂಬುವ ಹೊಳೆಗಳಾದ್ದರಿಂದ ಇದೂ ಒಮ್ಮೊಮ್ಮೆ ನಿಜವಾಗಿಬಿಡುತ್ತದೆ.

ಪಥ್ಯದಲ್ಲಿ ಕಾಕಾ ಕಟ್ಟುನಿಟ್ಟು. ಬದನೆಕಾಯಿ ವಾಯು, ಬಟಾಟಿ ವಾಯು, ಅಲಸಂದಿ ವಾಯು. ಸಂಜೆ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿ ಮಾತ್ರ ವಾಯು ಅಲ್ಲ. ಕಡಲೆಹಿಟ್ಟಿನದಲ್ಲವೇ ಎಂದರೆ, "ಬಿಸಿ ಇದ್ದಾಗ ತಿಂದ್ರ ವಾಯು ಹಾರಿಹೋಗಿರತೈತಿ" ಎಂಬ ಸಿದ್ಧಾಂತ ತಯಾರಿದೆ. ಯಾರೋ ಸಂತೆಯಲ್ಲಿ ಕೊಟ್ಟ ಹೆಸರಿಲ್ಲದ ಪುಡಿಯನ್ನೂ ಒಮ್ಮೆ ನುಂಗಿದರು. ಎರಡೇ ದಿನದಲ್ಲಿ ಕಾಲು ಕುಣಿಯಿತು, ಕೆಲವು ವಾರಕ್ಕೆ ಮುಖ ಊದಿತು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಕಾಕಿ ಪುಡಿಯನ್ನು ಗಟಾರಕ್ಕೆ ಚೆಲ್ಲಿ, ಕಾಕಾನನ್ನು ಜಮಖಂಡಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಬಸ್ಸಿನಲ್ಲಿ ಸರ್ಕಾರದ ದಯೆಯಿಂದ ಅವಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಹಿರಿಯ ನಾಗರಿಕರೆಂದು ಕಾಕಾನಿಗೆ ರೂಪಾಯಿಗೆ ಇಪ್ಪತ್ತೈದು ಪೈಸೆ ರಿಯಾಯಿತಿ. ದಾರಿಯುದ್ದಕ್ಕೂ ಕಾಕಾ ಮೊಣಕಾಲು ಮರೆತು ಟಿಕೆಟ್ಟನ್ನೇ ನೋಡುತ್ತಿದ್ದರು.

ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. "ಯಜಮಾನ್ರ, ಎರಡು ಎಲುಬಿನ ನಡುವಿನ ಗಾದಿ ಸವದೈತಿ. ಅದಕ್ಕ ರಕ್ತನಾಳ ಇರಂಗಿಲ್ಲ. ಕಾಲು ಆಡಿಸಿದ್ರಷ್ಟ ಕೀಲಿನೊಳಗಿನ ನೀರು ಅದಕ್ಕ ಹೋಗಿ ಮುಟ್ಟತೈತಿ. ಚಾಚಿ ಕುಂತ್ರ ಅದಕ್ಕ ಉಪವಾಸ. ದಿನಾ ನಸುಕಿನ್ಯಾಗ ಅಡ್ಡ್ಯಾಡ್ರಿ. ಖುರ್ಚಿ ಮ್ಯಾಲ ಕುಂತು ಕಾಲು ಎತ್ತಿ ಇಳಿಸ್ರಿ, ತೊಡಿ ಗಟ್ಟಿ ಆಗತೈತಿ. ಮೈಯಾಗ ಒಂದು ಕಿಲೋ ಇಳದ್ರ ಹೆಜ್ಜಿ ಹೆಜ್ಜಿಗೆ ಮೊಣಕಾಲಿಗೆ ಸುಮಾರು ನಾಕು ಕಿಲೋ ಭಾರ ಕಡಿಮಿ. ಮತ್ತ ಬಡಿಗಿ ನೋವಿದ್ದ ಕಡೆ ಅಲ್ರೀ, ಎಡಗೈಯಾಗ ಹಿಡೀರಿ."

ಇಷ್ಟಕ್ಕೂ ಆಗದಿದ್ದರೆ ಆಪರೇಶನ್ ಇದೆ ಎಂದೂ, 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿ ಸಾಮಾನ್ಯ ಬಳಕೆಯದನ್ನು 54,720 ರೂಪಾಯಿಗೆ ಇಳಿಸಿತೆಂದೂ ಹೇಳಿದರು. ಕಾಕಾ ಎದ್ದೇಬಿಟ್ಟರು. ಹೊರಗೆ ಬಂದ ಮೇಲೆ ತೀರ್ಪು: "ರೇಟ್ ಇಳಿಸ್ಯಾರಂದ್ರ ಮಾಲು ಉಳದಿದ್ದಿರಬೇಕು. ಮತ್ತ ಅಡ್ಡ್ಯಾಡು ಅಂತ ಹೇಳಾಕ ಫೀ ಯಾಕ? ನಮ್ಮವ್ವ ಪುಗಸಟ್ಟೆ ಹೇಳ್ತಿದ್ಲು."

ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡವಳು ಕಾಕಿ. ಅವಳ ಎರಡೂ ಮೊಣಕಾಲು ಕಾಕಾನ ಒಂದಕ್ಕಿಂತ ಹಳೆಯ ರೋಗಿಗಳು. ಆದರೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಕಾಲಿಗೆ ಕಟ್ಟೆ ಎಲ್ಲಿಯದು, ಕೇಳುವವರು ಯಾರು? ಮರುದಿನದಿಂದ ಅವಳು ಖುರ್ಚಿಯ ಮೇಲೆ ಕುಳಿತು ಕಾಲೆತ್ತಿ ಇಳಿಸತೊಡಗಿದಳು. ಗಂಡನಿಗೆ ಬೇರೆ ಮದ್ದು ಹುಡುಕಿದಳು.

"ರೀ, ರಬಕವಿ ಆಚೀಕಡೆ ಲಕ್ಕಿ ಗಿಡ ಅದಾವಂತ. ಹೊತ್ತು ಹುಟ್ಟೂದರಾಗ, ಹಾದ್ಯಾಗ ಎಲ್ಲೂ ಕುಂದ್ರದ, ಎಡಗೈಯಾಗ ಬಡಿಗಿ ಹಿಡಕೊಂಡು ನಡಕೋಂತ ಹೋಗಿ ಸೊಪ್ಪು ತಂದವರಿಗಷ್ಟ ಗುಣಾ ಬರತೈತಂತ. ಮಿರ್ಚಿ ತಿಂದವರಿಗೆ ಬರಂಗಿಲ್ಲಂತ."

ಡಾಕ್ಟರು ಹೇಳಿದಾಗ ಕೆರಳಿದ ಕಾಕಾ ಈಗ ಭಕ್ತಿಯಿಂದ ಹೊರಟರು. ಇಷ್ಟೊಂದು ಕಟ್ಟುಪಾಡು ಇರುವ ಔಷಧ ಸುಳ್ಳಾಗುವುದು ಹೇಗೆ? ತಂದ ಸೊಪ್ಪಿನಲ್ಲಿ ಒಂದು ಹಿಡಿಯನ್ನು ಕಾಕಿ ಬಿಸಿಮಾಡಿ ಮೊಣಕಾಲಿಗೆ ಕಟ್ಟುತ್ತಾಳೆ, ಉಳಿದದ್ದರಿಂದ ಸಂಜೆ ಸೊಳ್ಳೆಗೆ ಹೊಗೆ ಹಾಕುತ್ತಾಳೆ. ದೀಪಾವಳಿ ಹೊತ್ತಿಗೆ ಕಾಕಾ ಮೆಟ್ಟಿಲಿನ ಕಟಕಟೆ ಹಿಡಿಯದೆ ಗುಡಿ ಏರುತ್ತಿದ್ದರು. ಸೊಪ್ಪಿನ ಮಹಿಮೆ ಕಟ್ಟೆಯಿಂದ ಕಟ್ಟೆಗೆ ಹಬ್ಬಿ, ಈಗ ನಸುಕಿನಲ್ಲಿ ರಬಕವಿ ರಸ್ತೆಯ ಮೇಲೆ ಟೊಪಿಗೆಗಳ ಸಾಲು. ಎಲ್ಲರ ಬಡಿಗೆಯೂ ಸರಿಯಾದ ಕೈಯಲ್ಲಿ.

ಮೊನ್ನೆ ಹೊಸದಾಗಿ ಸೇರಿದ ಒಬ್ಬ ಅಜ್ಜ, ಇಷ್ಟು ದೂರ ನಡೆಯುವುದೇಕೆ, ಹೋಗಿ ಬರಲು ಬಸ್ಸಿದೆಯಲ್ಲ ಎಂದರು. ಕಾಕಾ ನಡುರಸ್ತೆಯಲ್ಲಿ ಬಡಿಗೆ ಎತ್ತಿಯೇಬಿಟ್ಟರು.

"ಹುಚ್ಚ ಅದೀಯೇನು? ಬಸ್ಸಿನ್ಯಾಗ ತಂದ್ರ ಸೊಪ್ಪಿನ ಗುಣಾ ಹೋಗಿಬಿಡತೈತಿ!"