ಗೋಪಾಲ ಮಾವನ ಕಷ್ಟ

ನಮ್ಮ ಓಮಲೂರಿನ ಮನೆಯಲ್ಲಿ ಮಾತು ಕನ್ನಡ, ಸಿನಿಮಾ ತಮಿಳು. ಈ ಎರಡಕ್ಕೂ ರಾಜಿ ಮಾಡಿಸಿದವರು ಬಿ. ಸರೋಜಾದೇವಿ. 1955ರ 'ಮಹಾಕವಿ ಕಾಳಿದಾಸ'ದಿಂದ ಕನ್ನಡ ತೆರೆಗೆ ಬಂದ ಬೆಂಗಳೂರಿನ ಹುಡುಗಿ, 1958ರ 'ನಾಡೋಡಿ ಮನ್ನನ್'ನಲ್ಲಿ ಎಂಜಿಆರ್ ಪಕ್ಕ ನಿಂತಳು. ತಮಿಳರು 'ಕನ್ನಡದ ಗಿಳಿ' ಅಂದರು. ನಮ್ಮಜ್ಜಿ ಆ ಬಿರುದು ನಮ್ಮ ಮನೆಗೇ ಬಂದಂತೆ ಬೀಗಿದಳು.

ಟೂರಿಂಗ್ ಟಾಕೀಸಿನಲ್ಲಿ ನೆಲದ ಟಿಕೆಟ್ಟೇ ನಮಗೆ ಗತಿ. ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತರೆ ಬಾಲ್ಕನಿ. ಹಿಂದಿನವರು ಕಾಲಲ್ಲಿ ಕೆಡವಿದರೆ ಮತ್ತೆ ನೆಲ. ಸರೋಜಾದೇವಿ ಬಾಯಿ ತೆರೆದರೆ ಸಾಕು, ಅಜ್ಜಿ ಎದ್ದು ನಿಲ್ಲುತ್ತಿದ್ದಳು: "ನೋಡ್ರೇ, ನಮ್ಮ ಹುಡುಗಿ ತಮಿಳನ್ನೂ ಕನ್ನಡದ ಹಂಗೇ ಮಾತಾಡ್ತಾಳೆ!"

"ಕೂತ್ಕಳ್ಳಕ್ಕಾ, ನಿನ್ ಹುಡುಗಿ ಕಾಣ್ತಿಲ್ಲ!" ಹಿಂದಿನಿಂದ ಕೂಗು.

1964ರಲ್ಲಿ 'ಪುದಿಯ ಪರವೈ' ಬಂತು. ಅದರಲ್ಲಿ ಆಕೆ ಶಿವಾಜಿಯನ್ನು "ಗೋಪಾಲ್" ಎಂದು ಕರೆಯುವ ರಾಗವೇ ಬೇರೆ. ಇಂದಿಗೂ ಮಿಮಿಕ್ರಿಯವರ ಹೊಟ್ಟೆಪಾಡು ಅದು. ಅಲ್ಲಿಂದ ನಮ್ಮ ಗೋಪಾಲ ಮಾವನಿಗೆ ನೆಮ್ಮದಿ ಇಲ್ಲ. ಹಾಲಿನವನಿಂದ ಹಿಡಿದು ಹೆಂಡತಿಯವರೆಗೆ ಎಲ್ಲರದೂ ಅದೇ ರಾಗ. ಹೆಂಡತಿ ಅಷ್ಟು ಮೆತ್ತಗೆ ಕರೆದಳೆಂದರೆ ಆ ತಿಂಗಳು ಸೀರೆ ಖರ್ಚು ಇದೆಯೆಂದೇ ಅರ್ಥ!

ಸರೋಜಾದೇವಿಯವರು ತೀರಿಕೊಂಡ 2025ರ ಜುಲೈ 14ರ ಸಂಜೆ ಮನೆಯ ಟಿವಿಯಲ್ಲಿ ಅದೇ ಚಿತ್ರ ಹಾಕಿದೆವು. ಎಂಬತ್ತು ದಾಟಿದ ಮಾವ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ತೆರೆಯ ಮೇಲೆ ಆಕೆ ಕರೆದಳು.

"ಬಂದೇ," ಅಂದ ಮಾವ.